ಊರಿಂದ ಬಂದ ಮೊದಲ ವಾರ ಕೆಲಸಕ್ಕೆ ಮನಸ್ಸು ಕೂರುವುದಿಲ್ಲ, ನೀವೇನು ಮಾಡುತ್ತೀರಿ?

ಚಪ್ಪರದ ಅಡಿಕೆ
ಸೋಮವಾರ, ಬೆಳಿಗ್ಗೆ 11.20

ಬೆಳಿಗ್ಗೆ ಆರೂಕಾಲಿಗೆ ಗೊರಗುಂಟೆಪಾಳ್ಯದಲ್ಲಿ ಬಸ್ಸಿಳಿದೆ. ಮನೆಗೆ ಹೋಗಿ ಸ್ನಾನ ಮಾಡಿ ಹತ್ತು ಗಂಟೆಗೆ ಕಚೇರಿಯ ಕುರ್ಚಿಯಲ್ಲಿ ಕೂತೆ. ಕೂತು ಒಂದು ಗಂಟೆಯ ಮೇಲಾಯಿತು, ಒಂದು ಮಿಂಚಂಚೆಯನ್ನೂ ಪೂರ್ತಿ ಓದಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಕಂಪನಿ ಡಿಸೆಂಬರ್ ಕೊನೆಯ ವಾರ ಮುಚ್ಚಿರುತ್ತದೆ. ವರ್ಷವಿಡೀ ಕೂಡಿಟ್ಟ ರಜೆಯನ್ನು ಅದರ ಬೆನ್ನಿಗೆ ಜೋಡಿಸಿ ಸಂಕ್ರಾಂತಿ ಮುಗಿಯುವವರೆಗೂ ಊರಿನಲ್ಲಿದ್ದೆ. ಶಿರಸಿಯ ಹತ್ತಿರ ಅಡಿಕೆ ತೋಟದ ಮನೆ. ಈಗ ಕೊಯ್ಲಿನ ಕಾಲ. ಮರ ಹತ್ತಿ ಕೊಯ್ಯುವ ಕೊನೆಗೌಡ ಅಡಿಕೆಯ ಗೊಂಚಲು, ಅಂದರೆ ಕೊನೆ ಇಳಿಸುವುದು, ನಾನು ಉದುರಿದ್ದನ್ನು ಹೆಕ್ಕುವುದು, ಊಟವಾದ ಮೇಲೆ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವುದು, ಬೆಳಿಗ್ಗೆ ಹಂಡೆಗೆ ಹಾಕಿ ಬೇಯಿಸಿ ಚಪ್ಪರದ ಮೇಲೆ ಹರವುವುದು. ಮೂರು ವಾರ ಇದೇ. ಐದು ಗಂಟೆಗೆ ಯಾರೂ ಎಬ್ಬಿಸದೆ ಏಳುತ್ತಿದ್ದೆ.

ಹಸಿ ಅಡಿಕೆಯ ಚೊಗರು ಕೈಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ಎರಡೂ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಕಪ್ಪಗಾಗಿವೆ, ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪು. ಪಕ್ಕದ ಮೇಜಿನವರು ಕೈಗೇನಾಯಿತು, ಸುಟ್ಟುಕೊಂಡಿರಾ ಎಂದು ಕೇಳಿದರು. ಹೇಳಲು ಹೋದರೆ ಅಳು ಬರುವ ಹಾಗಾಯಿತು.

ಅರ್ಧ ಕೊಯ್ಲು ಹಾಗೇ ಇದೆ. ಅಪ್ಪನಿಗೆ 71 ವರ್ಷ. ಅಲ್ಲಿ ಕೈತುಂಬ ಕೆಲಸ ಬಿಟ್ಟು ಇಲ್ಲಿ ಕೆಲಸಕ್ಕೆಂದು ಬಂದು ಕೂತಿದ್ದೇನೆ, ಇದು ತಲೆಗೆ ಇಳಿಯುತ್ತಿಲ್ಲ. ನನ್ನ ಪ್ರಶ್ನೆ ಎರಡು. ಈ ಮೊದಲ ವಾರವನ್ನು ನೀವು ಹೇಗೆ ದಾಟುತ್ತೀರಿ? ಭಾನುವಾರ ರಾತ್ರಿಯ ಬಸ್ಸು ಹತ್ತಿದ್ದು ತಪ್ಪಾಯಿತೇ? ಶನಿವಾರವೇ ಹೊರಡಬೇಕಿತ್ತು ಎಂದು ತಮ್ಮ ಬೈಯುತ್ತಿದ್ದಾನೆ.


ನೆಲಮಂಗಲ ತಿರುವು
ಸೋಮವಾರ, 11.31

ನಿಮ್ಮ ತಮ್ಮ ಹೇಳಿದ್ದೇ ಸರಿ. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡಿ ಬಂದು ಅದೇ ದಿನ ಕಚೇರಿಗೆ ಹೋದರೆ ಯಾರಿಗೂ ಮನಸ್ಸು ಕೂರುವುದಿಲ್ಲ. ಅರ್ಧದಷ್ಟು ನಿದ್ರೆಯ ಕೊರತೆ, ಇನ್ನರ್ಧ ಮಾತ್ರ ಊರಿನ ನೆನಪು. ನಾನು ಹನ್ನೆರಡು ವರ್ಷದಿಂದ ದಾವಣಗೆರೆಗೆ ಹೋಗಿ ಬರುತ್ತಿದ್ದೇನೆ. ಒಂದು ದಿನ ಮೊದಲು ಬಂದು ಬಟ್ಟೆ ಒಗೆದು, ತರಕಾರಿ ತಂದು, ಮಧ್ಯಾಹ್ನ ಎರಡು ಗಂಟೆ ಮಲಗಿದರೆ ಸೋಮವಾರ ಸಲೀಸು.


ಸಜ್ಜೆ ರೊಟ್ಟಿ
ಸೋಮವಾರ, 11.40

ನಾನು ಒಪ್ಪುವುದಿಲ್ಲ. ಬಟ್ಟೆ ಒಗೆಯಲು, ತರಕಾರಿ ತರಲು ವರ್ಷದ ಉಳಿದ ದಿನಗಳೆಲ್ಲ ಇವೆ. ಊರಿನಲ್ಲಿ ಸಿಗುವ ಒಂದು ರಾತ್ರಿಯನ್ನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಮಲಗಿ ಕಳೆಯಬೇಕೇ? ನಮ್ಮದು ಬಾಗಲಕೋಟೆ ಕಡೆ. ಸಂಕ್ರಾಂತಿಯ ಮರುದಿನ ಕರಿ. ಕರಿಯ ದಿನ ಅವ್ವ ಯಾರನ್ನೂ ಹೊಸಿಲು ದಾಟಲು ಬಿಡುವುದಿಲ್ಲ. ಅದಾದ ಮೇಲೆ ಉಳಿಯುವುದೇ ಒಂದೋ ಎರಡೋ ದಿನ. ಅದರಲ್ಲೂ ಒಂದು ದಿನ ಮೊದಲೇ ಹೊರಡಿ ಎನ್ನುತ್ತೀರಲ್ಲ!

ನಾನು ಇವತ್ತು ಬೆಳಿಗ್ಗೆ ರೈಲಿಳಿದು ಯಶವಂತಪುರದಿಂದ ನೇರವಾಗಿ ಕಚೇರಿಗೆ ಬಂದಿದ್ದೇನೆ. ಚೀಲ ಮೇಜಿನ ಕೆಳಗಿದೆ. ಅದರಲ್ಲಿ ನಲವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಗೋಧಿ, ಬೆಲ್ಲದ ಮಾದಲಿ.


ಹುಳಿ ಹಿಟ್ಟು
ಸೋಮವಾರ, 11.44

ಮಾದಲಿ ಎಷ್ಟು ದಿನ ಇಡಬಹುದು?


ಸಜ್ಜೆ ರೊಟ್ಟಿ
ಸೋಮವಾರ, 11.46

ಹಾಲು, ತುಪ್ಪ ಸೇರಿಸದೆ ಒಣಗಿದ್ದನ್ನೇ ಡಬ್ಬಿಯಲ್ಲಿಟ್ಟರೆ ವಾರ ಆರಾಮಾಗಿ ಇರುತ್ತದೆ. ತಿನ್ನುವಾಗ ಬಿಸಿ ಹಾಲು, ತುಪ್ಪ ಹಾಕಿಕೊಳ್ಳಿ.


ಧನುರ್ಮಾಸ
ಸೋಮವಾರ, ಮಧ್ಯಾಹ್ನ 12.15

ಸಂಕ್ರಾಂತಿ ಕಳೆಯಿತು, ಉತ್ತರಾಯಣ ಬಂತು, ಇನ್ನು ದಿನದಿಂದ ದಿನಕ್ಕೆ ಹಗಲು ದೊಡ್ಡದಾಗುತ್ತದೆ, ಬೆಳಿಗ್ಗೆ ಬೇಗ ಬೆಳಕಾಗುತ್ತದೆ. ಮನಸ್ಸೂ ತಾನಾಗಿ ಹಗುರವಾಗುತ್ತದೆ. ಒಂದು ವಾರ ತಡೆದುಕೊಳ್ಳಿ. ಇನ್ನೊಂದು ಮಾತು, ಜನವರಿಯ ಮೂರನೆಯ ಸೋಮವಾರ ವರ್ಷದ ಅತ್ಯಂತ ಬೇಸರದ ದಿನವೆಂದು ವಿಜ್ಞಾನಿಗಳೇ ಲೆಕ್ಕ ಹಾಕಿದ್ದಾರಂತೆ. ನಿಮಗೊಬ್ಬರಿಗೇ ಹೀಗಾಗುತ್ತಿಲ್ಲ.


ನಕ್ಷತ್ರ ಮೇಷ್ಟ್ರು
ಸೋಮವಾರ, 12.50

ಶಾಲೆಯಲ್ಲಿ ವಿಜ್ಞಾನ ಕಲಿಸುವವನು ನಾನು. ಮೇಲಿನ ಎರಡು ವಿಷಯವನ್ನೂ ತಿದ್ದಲೇಬೇಕು, ಕೋಪ ಮಾಡಿಕೊಳ್ಳಬೇಡಿ.

ಮೊದಲನೆಯದು, ಹಗಲು ದೊಡ್ಡದಾಗಲು ಶುರುವಾಗುವುದು ಸಂಕ್ರಾಂತಿಯಿಂದಲ್ಲ, ಡಿಸೆಂಬರ್ 21–22ರ ನಂತರ. ನಮ್ಮ ಪಂಚಾಂಗ ಸೂರ್ಯ ಮಕರ ರಾಶಿಗೆ ಬರುವುದನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಲೆಕ್ಕ ಹಾಕುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ಈ ಎರಡು ದಿನಗಳ ನಡುವೆ ಅಂತರ ಬಿದ್ದಿದೆ.

ಬೆಳಿಗ್ಗೆ ಬೇಗ ಬೆಳಕಾಗುತ್ತದೆ ಎನ್ನುವುದೂ ಈಗಲೇ ಸರಿಯಲ್ಲ. ಬೆಂಗಳೂರಿನಲ್ಲಿ ಜನವರಿ 1ಕ್ಕೆ ಸೂರ್ಯ ಹುಟ್ಟುವುದು ಸುಮಾರು 6.41ಕ್ಕೆ. ತಿಂಗಳ ಕೊನೆಯ ಹೊತ್ತಿಗೆ ಅದು 6.46ರ ಆಸುಪಾಸಿಗೆ ಹೋಗಿರುತ್ತದೆ. ಅಂದರೆ ಜನವರಿಯಲ್ಲಿ ಬೆಳಗಾಗುವುದು ಇನ್ನೂ ತಡವಾಗುತ್ತಾ ಹೋಗುತ್ತದೆ. ಹಗಲು ಹೆಚ್ಚಾಗುವುದೆಲ್ಲ ಸಂಜೆಯ ಕಡೆಗೆ. ಭೂಮಿ ಜನವರಿ ಮೊದಲ ವಾರ ಸೂರ್ಯನಿಗೆ ಅತಿ ಹತ್ತಿರವಿದ್ದು ವೇಗವಾಗಿ ಸಾಗುವುದು, ಜೊತೆಗೆ ಅದರ ಅಕ್ಷದ ವಾಲಿಕೆ, ಇವೆರಡೂ ಸೇರಿ ನಡುಹಗಲು ಗಡಿಯಾರದಲ್ಲಿ ದಿನದಿನಕ್ಕೆ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಏಳಲು ಕಷ್ಟವೆನ್ನುವವರು ಸುಳ್ಳು ಹೇಳುತ್ತಿಲ್ಲ. ಹೊರಗೆ ನಿಜವಾಗಿ ಕತ್ತಲಿರುತ್ತದೆ.

ಮೂರನೆಯ ಸೋಮವಾರದ ಕಥೆಯನ್ನು ನಂಬಬೇಡಿ. ಅದು 2005ರಲ್ಲಿ ಬ್ರಿಟನ್ನಿನ ಪ್ರವಾಸ ಕಂಪನಿಯೊಂದು ಜನರಿಂದ ಪ್ರವಾಸ ಬುಕ್ ಮಾಡಿಸಲು ಹರಡಿದ ಪ್ರಚಾರ. ಆ ಸೂತ್ರಕ್ಕೆ ಅರ್ಥವೇ ಇಲ್ಲ.


ಧನುರ್ಮಾಸ
ಸೋಮವಾರ, 1.05

ಕೋಪವೇನಿಲ್ಲ ಮೇಷ್ಟ್ರೇ. ಆದರೆ ನಮ್ಮ ಅಜ್ಜಿ ಸಂಕ್ರಾಂತಿ ಕಳೆದ ಮೇಲೆ ಚಳಿ ಮುರಿಯುತ್ತದೆ ಎನ್ನುತ್ತಿದ್ದರು. ಅದು ನನ್ನ ಅನುಭವಕ್ಕೂ ಬಂದಿದೆ.


ನಕ್ಷತ್ರ ಮೇಷ್ಟ್ರು
ಸೋಮವಾರ, 1.12

ಅಜ್ಜಿಯ ಮಾತಿಗೂ ನನ್ನ ಮಾತಿಗೂ ಜಗಳವಿಲ್ಲ. ಚಳಿ ಬೇರೆ, ಸೂರ್ಯೋದಯದ ಹೊತ್ತು ಬೇರೆ.


ಮ್ಯೂನಿಕ್ ಮಂಜು
ಸೋಮವಾರ, ಮಧ್ಯಾಹ್ನ 2.30

6.46ರ ಸೂರ್ಯೋದಯಕ್ಕೆ ಇಷ್ಟು ಚರ್ಚೆಯೇ! ಇಲ್ಲಿ ಜನವರಿಯ ಮೊದಲ ವಾರ ಸೂರ್ಯ ಕಾಣುವುದು ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕೂವರೆಗೆ ಮುಗಿಯಿತು. ಕಚೇರಿಗೆ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ಮೊದಲ ವರ್ಷ ನನಗೇನೋ ಕಾಯಿಲೆ ಬಂದಿದೆ ಎಂದುಕೊಂಡಿದ್ದೆ.

ಇಲ್ಲಿಯವರು ಒಂದು ಒಳ್ಳೆಯ ಪದ್ಧತಿ ಇಟ್ಟುಕೊಂಡಿದ್ದಾರೆ. ಬವೇರಿಯಾದಲ್ಲಿ ಜನವರಿ 6 ಸಾರ್ವಜನಿಕ ರಜೆ, ಕ್ರೈಸ್ತರ ಮೂವರು ರಾಜರ ಹಬ್ಬ. ಬಹಳ ಜನ ಅಲ್ಲಿಯವರೆಗೆ ರಜೆ ಎಳೆದು 7ಕ್ಕೆ ಕೆಲಸಕ್ಕೆ ಬರುತ್ತಾರೆ. ಬಂದ ಮೊದಲ ದಿನ ಯಾರೂ ದೊಡ್ಡ ಸಭೆ ಇಡುವುದಿಲ್ಲ. ಎದುರು ಸಿಕ್ಕವರಿಗೆಲ್ಲ ಹೊಸ ವರ್ಷದ ಶುಭಾಶಯ ಹೇಳುತ್ತಾ, ಕಾಫಿ ಕುಡಿಯುತ್ತಾ ಅರ್ಧ ದಿನ ಕಳೆಯುತ್ತದೆ. ಯಾರೂ ತಪ್ಪು ತಿಳಿಯುವುದಿಲ್ಲ. ರಜೆಯಲ್ಲಿ ಕಾಯಿಲೆ ಬಿದ್ದು ವೈದ್ಯರ ಚೀಟಿ ತಂದರೆ ಆ ದಿನಗಳು ರಜೆಯ ಲೆಕ್ಕದಿಂದ ಹೊರಗೆ, ಕಾನೂನಿನಲ್ಲೇ ಇದೆ. ಹಾಗಾಗಿ ರಜೆಯನ್ನು ಇಲ್ಲಿ ದಯೆಯೆಂದು ಯಾರೂ ನೋಡುವುದಿಲ್ಲ, ಹಕ್ಕೆಂದು ನೋಡುತ್ತಾರೆ.

ಆದರೆ ಸಂಕ್ರಾಂತಿಯ ದಿನ ನನಗೆ ಕಚೇರಿ ಇತ್ತು. ಎಳ್ಳು ಬೆಲ್ಲ ಬೀರಿದ್ದು ಶನಿವಾರ, ಮೂರು ಮನೆಯವರು ಸೇರಿಕೊಂಡು.


ಹೊಲಿಗೆ ಯಂತ್ರ
ಸೋಮವಾರ, ರಾತ್ರಿ 8.10

ಎಲ್ಲರದೂ ಓದಿದೆ. ಮೂರು ವಾರ ರಜೆ ಎಂದು ಓದಿದಾಗ ಒಮ್ಮೆ ಹೊಟ್ಟೆಯಲ್ಲಿ ಏನೋ ಆಯಿತು, ಸುಳ್ಳು ಹೇಳುವುದಿಲ್ಲ. ನಾನು ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ನಮ್ಮ ಊರು ಮದ್ದೂರಿನ ಕಡೆ. ನಮಗೆ ಸಂಕ್ರಾಂತಿಗೆ ಒಂದು ದಿನ ರಜೆ. ಅದಕ್ಕೂ ಬದಲು ಭಾನುವಾರ ಕೆಲಸಕ್ಕೆ ಬರಬೇಕು.

ಹಬ್ಬದ ಸಂಜೆ ನಮ್ಮೂರಿನಲ್ಲಿ ಎತ್ತುಗಳಿಗೆ ಕಿಚ್ಚು ಹಾಯಿಸುತ್ತಾರೆ. ಅದು ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಅದನ್ನು ನೋಡಿಯೇ ಬರಬೇಕೆಂದು ಹಟ ನನಗೆ. ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೊದಲ ಬಸ್ಸು ಹಿಡಿದು ಬರುತ್ತೇನೆ. ಯಂತ್ರದ ಮುಂದೆ ಕೂತ ಮೊದಲ ಒಂದು ಗಂಟೆ ಕೈ ಹೇಳಿದ ಮಾತು ಕೇಳುವುದಿಲ್ಲ. ದಾರ ಕಡಿಯುತ್ತದೆ, ಕಾಲರಿನ ಮೂಲೆ ಸರಿಯಾಗಿ ತಿರುಗುವುದಿಲ್ಲ, ಬಿಚ್ಚಿ ಮತ್ತೆ ಹೊಲಿಯಬೇಕು. ಒಂದು ದಿನ ಬಿಟ್ಟರೂ ಹೀಗೆ. ಅಷ್ಟರಲ್ಲಿ ಸೂಪರ್‌ವೈಸರ್ ಬಂದು ಗಂಟೆಯ ಟಾರ್ಗೆಟ್ ಕೇಳುತ್ತಾರೆ. ನಿಮಗೆ ಒಂದು ವಾರ ಮನಸ್ಸು ಕೂರದಿದ್ದರೂ ನಡೆಯುತ್ತದೆ, ನಮಗೆ ಒಂದು ಗಂಟೆ ನಡೆಯುವುದಿಲ್ಲ.

ನಾನು ಮಾಡುವುದು ಇಷ್ಟೇ. ಮೊದಲ ಗಂಟೆ ವೇಗಕ್ಕೆ ಹೋಗುವುದಿಲ್ಲ. ಬೈದರೆ ಬೈಯಲಿ. ಸರಿಯಾಗಿ ಹೊಲಿಯುತ್ತೇನೆ. ಕೈಗೆ ಲಯ ಬಂದರೆ ವೇಗ ತಾನಾಗಿ ಬರುತ್ತದೆ. ನೀವೂ ಬಂದಿರುವ ಮಿಂಚಂಚೆಯನ್ನೆಲ್ಲ ಒಂದೇ ದಿನ ಮುಗಿಸಲು ಹೋಗಬೇಡಿ ಅಕ್ಕ. ಒಂದನ್ನು ತೆಗೆದುಕೊಂಡು ಸರಿಯಾಗಿ ಮಾಡಿ.


ಚಪ್ಪರದ ಅಡಿಕೆ
ಸೋಮವಾರ, ರಾತ್ರಿ 8.35

ತಂಗಿ, ನಿಮ್ಮ ಮಾತನ್ನು ಎರಡು ಸಲ ಓದಿದೆ. ನನಗೆ ಮೂರು ವಾರ ಸಿಕ್ಕಿದ್ದು ಎಷ್ಟು ದೊಡ್ಡದೆಂದು ಗೊತ್ತಿದೆ, ಅದನ್ನು ದೂರುವುದಕ್ಕೆ ಬರೆದದ್ದಲ್ಲ. ನಾಳೆ ಒಂದೇ ಒಂದು ಕೆಲಸ ತೆಗೆದುಕೊಂಡು ಕೂರುತ್ತೇನೆ.


ನಿವೃತ್ತ ಗುಮಾಸ್ತ
ಸೋಮವಾರ, ರಾತ್ರಿ 9.20

ಹೊಲಿಗೆಯವರಿಗೆ ಒಂದು ಮಾಹಿತಿ. ನಮ್ಮ ರಾಜ್ಯದಲ್ಲಿ ಕೈಗಾರಿಕೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆಂದೇ 1963ರ ಕಾಯ್ದೆಯೊಂದಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವು ಐದು ಕಡ್ಡಾಯ. ಇದರ ಜೊತೆಗೆ ಐದು ಹಬ್ಬದ ರಜೆ ವೇತನಸಹಿತ ಕೊಡಬೇಕು. ಸಂಕ್ರಾಂತಿ ಆ ಐದರ ಪಟ್ಟಿಯಲ್ಲಿದ್ದರೆ ಅದಕ್ಕೆ ಬದಲಾಗಿ ಭಾನುವಾರ ದುಡಿಸಿಕೊಳ್ಳುವ ಹಾಗಿಲ್ಲ. ಪಟ್ಟಿಯಲ್ಲಿಲ್ಲದೆ ಒಪ್ಪಂದದ ಮೇಲೆ ಕೊಟ್ಟಿದ್ದರೆ ಮಾತು ಬೇರೆ. ಪಟ್ಟಿಯನ್ನು ಕಾರ್ಖಾನೆಯ ಫಲಕದಲ್ಲಿ ನೋಡಿ. ಪಟ್ಟಿಯಲ್ಲಿರುವ ದಿನವೇ ಕೆಲಸಕ್ಕೆ ಕರೆದರೆ ಎರಡರಷ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ಬದಲಿ ವೇತನಸಹಿತ ರಜೆ ಕೊಡಬೇಕು.

ಸರ್ಕಾರಿ ನೌಕರರಿಗೆ ರಜೆ ಬಹಳ ಎಂದು ಎಲ್ಲರೂ ಹೇಳುತ್ತಾರೆ. 2019ರಲ್ಲಿ ನಾಲ್ಕನೆಯ ಶನಿವಾರವನ್ನೂ ರಜೆ ಮಾಡಿದಾಗ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿದರು, ಅದನ್ನು ಯಾರೂ ಹೇಳುವುದಿಲ್ಲ.


ಹೊಲಿಗೆ ಯಂತ್ರ
ಸೋಮವಾರ, ರಾತ್ರಿ 9.41

ಫಲಕ ನಮ್ಮ ಕಾರ್ಖಾನೆಯಲ್ಲಿ ಗೇಟಿನ ಒಳಗೆ ಇದೆ, ಯಾವತ್ತೂ ನಿಂತು ಓದಿಲ್ಲ. ನಾಳೆ ಓದಿ ಬರೆಯುತ್ತೇನೆ ಸಾರ್.


ಸಜ್ಜೆ ರೊಟ್ಟಿ
ಸೋಮವಾರ, ರಾತ್ರಿ 9.50

ವಾರಕ್ಕೆ ಐದು ದಿನ ದುಡಿಯುವ ನಾವು ಹೀಗೆ ಬರೆಯುತ್ತಿದ್ದೇವೆ, ಅವರು ಆರು ದಿನ ದುಡಿದು ಅದರ ಮೇಲೆ ಭಾನುವಾರವನ್ನೂ ಕೊಡುತ್ತಾರೆ. ಈ ಚರ್ಚೆ ಅಲ್ಲಿಂದಲೇ ಶುರುವಾಗಬೇಕಿತ್ತು.


ರಾತ್ರಿ ಪಾಳಿ
ಮಂಗಳವಾರ, ಬೆಳಗಿನ ಜಾವ 3.15

ನಾನು ಶುಶ್ರೂಷಕಿ. ಹಬ್ಬದ ದಿನ ಪಾಳಿಯಲ್ಲಿದ್ದೆ, ಈಗಲೂ ಪಾಳಿಯಲ್ಲಿದ್ದೇನೆ. ಊರಿಗೆ ಹೋಗುವುದು ಫೆಬ್ರವರಿಯಲ್ಲಿ, ಎಲ್ಲರೂ ವಾಪಸು ಬಂದ ಮೇಲೆ. ಆಗ ಬಸ್ಸು ಖಾಲಿ ಇರುತ್ತದೆ, ಅವರೆಕಾಯಿಯ ಸೊಗಡು ಮುಗಿದಿರುತ್ತದೆ.

ಶನಿವಾರವೋ ಭಾನುವಾರವೋ ಎಂದು ವಾದ ಮಾಡುತ್ತಿದ್ದೀರಲ್ಲ, ನಾನೊಂದು ಮಾತು ಸೇರಿಸುತ್ತೇನೆ. ಬಸ್ಸಿನಲ್ಲೋ ರೈಲಿನಲ್ಲೋ ಬನ್ನಿ. ಸ್ವಂತ ಕಾರಿನಲ್ಲಿ ರಾತ್ರಿಯಿಡೀ ಓಡಿಸಿಕೊಂಡು ಬರಬೇಡಿ. ಹಬ್ಬ ಮುಗಿದ ಮುಂಜಾನೆಗಳಲ್ಲಿ ನಮ್ಮ ತುರ್ತು ಘಟಕಕ್ಕೆ ಬಂದವರನ್ನು ನೋಡಿದ್ದೇನೆ. ಕಾರಿನ ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ, ಕಬ್ಬಿನ ಜಲ್ಲೆ, ಸಕ್ಕರೆ ಅಚ್ಚಿನ ಡಬ್ಬಿ ಹಾಗೇ ಇದ್ದವಂತೆ. ಆಂಬುಲೆನ್ಸಿನವರು ಹೇಳಿದ್ದು. ಒಂದು ಕಣ್ಣೆವೆಯಷ್ಟು ತೂಕಡಿಕೆ ಸಾಕು. ಸೋಮವಾರ ಹತ್ತು ಗಂಟೆಯ ಹಾಜರಿಗಾಗಿ ಇದು ಬೇಡ.


ನೆಲಮಂಗಲ ತಿರುವು
ಮಂಗಳವಾರ, ಬೆಳಿಗ್ಗೆ 7.05

ಇದಕ್ಕೆ ನನ್ನ ಕಡೆಯಿಂದ ನೂರು ಸಲ ಹೌದು.

ಬಸ್ಸಿನವರಿಗೊಂದು ಉಪಯೋಗದ ಮಾತು. ತುಮಕೂರು ರಸ್ತೆಯಲ್ಲಿ ಬರುವವರು ಮೇಲ್ಸೇತುವೆ ಹತ್ತುವ ಮೊದಲೇ ಮಾದಾವರದಲ್ಲಿ ಇಳಿದು ಮೆಟ್ರೊ ಹಿಡಿಯಿರಿ. 2024ರ ನವೆಂಬರ್‌ನಿಂದ ಹಸಿರು ಮಾರ್ಗ ಅಲ್ಲಿಯವರೆಗೆ ಬಂದಿದೆ. 2025ರ ಜನವರಿ 13ರಿಂದ ಸೋಮವಾರಗಳಂದು ಮಾತ್ರ ಬೆಳಗಿನ ಮೊದಲ ರೈಲನ್ನು ಐದರ ಬದಲು 4.15ಕ್ಕೇ ಬಿಡಲು ಶುರುಮಾಡಿದರು. ಊರಿಂದ ಬರುವ ನಮ್ಮಂಥವರಿಗಾಗಿಯೇ ಮಾಡಿದ್ದು. ಹಳದಿ ಮಾರ್ಗವೂ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರೆಗೆ ರಸ್ತೆಗೆ ಕಾಲಿಡದೆ ಹೋಗಬಹುದು, ಆರ್.ವಿ. ರಸ್ತೆ ನಿಲ್ದಾಣದಲ್ಲಿ ಒಮ್ಮೆ ಬದಲಾಯಿಸಿದರೆ ಆಯಿತು.


ಸಜ್ಜೆ ರೊಟ್ಟಿ
ಮಂಗಳವಾರ, 9.12

ನೋಡಿ, ಸೋಮವಾರ 4.15ಕ್ಕೆ ಮೆಟ್ರೊ ಬಿಡುತ್ತಾರೆ ಎಂದರೆ ಸೋಮವಾರ ಬೆಳಿಗ್ಗೆ ಬರುವವರೇ ಹೆಚ್ಚೆಂದು ಅವರಿಗೂ ಗೊತ್ತು. ನನ್ನ ವಾದಕ್ಕೆ ನೀವೇ ಸಾಕ್ಷಿ ಕೊಟ್ಟಿರಿ.


ನೆಲಮಂಗಲ ತಿರುವು
ಮಂಗಳವಾರ, 9.20

ಬರುವವರು ಹೆಚ್ಚೆಂದರೆ ಬರುವುದು ಒಳ್ಳೆಯದೆಂದಲ್ಲ.


ತಾಳಗುಪ್ಪ ಪ್ಯಾಸೆಂಜರ್
ಮಂಗಳವಾರ, 9.45

ಶಿರಸಿಯವರಿಗೆ ರೈಲಿಲ್ಲ, ಆದರೆ ತಾಳಗುಪ್ಪಕ್ಕೆ ಬಂದು ರಾತ್ರಿಯ ಮೈಸೂರು ರೈಲು ಹಿಡಿದರೆ ಬೆಳಗಿನ ಜಾವ ಬೆಂಗಳೂರು. ಮಲಗಿಕೊಂಡು ಬರಬಹುದು. ಮುಂಗಡ ಬುಕಿಂಗ್ ಈಗ 120 ದಿನವಲ್ಲ, 60 ದಿನ ಮೊದಲು ತೆರೆಯುತ್ತದೆ, 2024ರ ನವೆಂಬರ್‌ನಿಂದ ಹಾಗೆ. ಸಂಕ್ರಾಂತಿಯ ಟಿಕೆಟ್ಟಿಗೆ ನವೆಂಬರ್ ಮಧ್ಯದಲ್ಲಿ ಎಚ್ಚರವಾಗಿರಬೇಕು.


ಜಗಲಿ
ಮಂಗಳವಾರ, 11.30

ನಾನು ತೀರ್ಥಹಳ್ಳಿ ಕಡೆಯವಳು. ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಲ್ಲಿದ್ದಾರೆ. ಮೊನ್ನೆ ಭಾನುವಾರ ರಾತ್ರಿ ಹೊರಟರು. ನೀವೆಲ್ಲ ಹೋಗುವವರ ಕಡೆಯಿಂದ ಮಾತನಾಡುತ್ತಿದ್ದೀರಿ, ಕಳಿಸುವವರ ಕಡೆಯಿಂದ ಯಾರೂ ಬರೆದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಒಂದು ರಾತ್ರಿ ಹೆಚ್ಚಿಗೆ ಸಿಕ್ಕಿತು ಎನ್ನುತ್ತೀರಿ. ನೀವು ಬಸ್ಸು ಹತ್ತಿದ ಆ ರಾತ್ರಿ ನಮಗೆ ನಿದ್ರೆಯಿಲ್ಲ. ಇವರು ಒಂದು ಗಂಟೆಗೊಮ್ಮೆ ಎದ್ದು ಮೊಬೈಲ್ ನೋಡುತ್ತಾರೆ. ತರೀಕೆರೆ ದಾಟಿರಬಹುದು, ಕಡೂರು ಬಂದಿರಬಹುದು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಬೆಳಿಗ್ಗೆ ತಲುಪಿದೆವು ಎಂದು ಮಗ ಫೋನ್ ಮಾಡಿದ, ಸ್ನಾನ ಮಾಡಿ ಕಚೇರಿಗೆ ಹೊರಟೆ ಎಂದ. ಅವನು ತೂಕಡಿಸುತ್ತಾ ಎರಡು ಚಕ್ರದ ಗಾಡಿಯಲ್ಲಿ ಹೋಗುತ್ತಿರಬಹುದೆಂದು ಮತ್ತೆ ಸಂಜೆಯವರೆಗೆ ಹೆದರಿಕೆ. ಶನಿವಾರ ಹಗಲು ಬಸ್ಸಿನಲ್ಲಿ ಹೋಗಿ ಎಂದು ನಾನೇ ಹೇಳಿದ್ದೆ. ಕೇಳಲಿಲ್ಲ. ಅಮ್ಮನಿಗೆ ನಮ್ಮನ್ನು ಕಳಿಸುವ ಅವಸರ ಎಂದ. ಅವನಿಗೆ ಅದು ಹೇಗೆ ಬಾಯಿಗೆ ಬಂತೋ.

ನಿನ್ನೆ ರಾತ್ರಿ ಅನ್ನಕ್ಕಿಟ್ಟಾಗ ಮೂರೂವರೆ ಪಾವು ಅಕ್ಕಿ ಹಾಕಿದ್ದೆ. ಕುಕ್ಕರ್ ಮುಚ್ಚಳ ತೆಗೆದ ಮೇಲೆ ಗೊತ್ತಾಯಿತು. ನಮ್ಮಿಬ್ಬರಿಗೆ ಒಂದು ಪಾವು ಸಾಕು. ಇವತ್ತು ಬೆಳಿಗ್ಗೆ ಅದೇ ಅನ್ನದ ಚಿತ್ರಾನ್ನ, ಮಧ್ಯಾಹ್ನಕ್ಕೂ ಅದೇ. ನಮಗೂ ಮೊದಲ ವಾರ ಹೀಗೇ ಇರುತ್ತದೆ ಮಗಳೇ.


ಸಜ್ಜೆ ರೊಟ್ಟಿ
ಮಂಗಳವಾರ, 11.52

ಅಮ್ಮ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಅವ್ವನೂ ಬೆಳಿಗ್ಗೆ ಐದಕ್ಕೇ ಫೋನ್ ಮಾಡಿದ್ದಳು. ಬೇಗ ಎದ್ದಿದ್ದಾಳೆ ಎಂದುಕೊಂಡಿದ್ದೆ, ಮಲಗಿಯೇ ಇರಲಿಲ್ಲವೋ ಏನೋ. ಮುಂದಿನ ಸಲ ಹಗಲು ರೈಲು ನೋಡುತ್ತೇನೆ. ಕರಿಯ ಮರುದಿನ ಬೆಳಿಗ್ಗೆ ಹೊರಡುತ್ತೇನೆ. ವಾದದಲ್ಲಿ ಸೋತೆನೆಂದು ನೆಲಮಂಗಲದವರು ತಿಳಿಯಬಾರದು, ಅಮ್ಮನ ಮಾತಿಗೆ ಒಪ್ಪಿದ್ದು.


ನೆಲಮಂಗಲ ತಿರುವು
ಮಂಗಳವಾರ, 11.58

ಯಾರ ಮಾತಿಗಾದರೂ ಆಗಲಿ, ಹಗಲಲ್ಲಿ ಬನ್ನಿ.


ಹುಳಿ ಹಿಟ್ಟು
ಮಂಗಳವಾರ, ಸಂಜೆ 6.20

ವಿಷಯ ಬದಲಾಯಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಊರಿಂದ ಬಂದವರೆಲ್ಲ ಮೊದಲ ವಾರ ಹೋಟೆಲಿನಿಂದ ತರಿಸುತ್ತಾರೆ, ಎರಡನೆಯ ದಿನಕ್ಕೇ ಹೊಟ್ಟೆ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ಬಂದ ದಿನವೇ ಇಡ್ಲಿಗೆ ನೆನೆಹಾಕಿದರೆ ಮನೆ ಮತ್ತೆ ಮನೆಯಾಗುತ್ತದೆ. ನನ್ನ ಸಮಸ್ಯೆಯೆಂದರೆ ಈ ಚಳಿಗೆ ಹಿಟ್ಟು ಉಬ್ಬುತ್ತಲೇ ಇಲ್ಲ. ಎರಡು ದಿನ ಇಟ್ಟರೂ ಸಪ್ಪಗೆ ಕೂತಿದೆ.


ಜಗಲಿ
ಮಂಗಳವಾರ, ಸಂಜೆ 6.45

ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಸಿ. ರುಬ್ಬಿದ ಮೇಲೆ ಕೈಯಿಂದಲೇ ಕಲಸಿ, ಸೌಟು ಬೇಡ. ಪಾತ್ರೆಗೆ ಹಳೆಯ ಉಣ್ಣೆ ಶಾಲು ಸುತ್ತಿ ಒಲೆಯ ಪಕ್ಕ ಇಡಿ.


ಮ್ಯೂನಿಕ್ ಮಂಜು
ಮಂಗಳವಾರ, ಸಂಜೆ 7.10

ಒಲೆಯ ಪಕ್ಕ ನಮಗೆ ಸಾಲದು. ಓವನ್ನಿನ ಒಳಗಿಟ್ಟು ಅದರ ದೀಪವನ್ನಷ್ಟೇ ಹಾಕಿಡುತ್ತೇನೆ, ಬಿಸಿ ಹಾಕುವುದಿಲ್ಲ. ಬೆಳಿಗ್ಗೆ ಉಬ್ಬಿರುತ್ತದೆ. ಉಪ್ಪನ್ನು ಮೊದಲೇ ಹಾಕಬೇಡಿ.


ಜಗಲಿ
ಮಂಗಳವಾರ, ಸಂಜೆ 7.14

ಉಪ್ಪು ಮೊದಲೇ ಹಾಕಬೇಕು. ನಾನು ನಲವತ್ತು ವರ್ಷದಿಂದ ಹಾಕುತ್ತಿದ್ದೇನೆ.


ನಕ್ಷತ್ರ ಮೇಷ್ಟ್ರು
ಮಂಗಳವಾರ, ಸಂಜೆ 7.30

ಇಬ್ಬರ ಮಾತೂ ನಡೆಯುತ್ತದೆ. ಹದವಾದ ಉಪ್ಪಿನಿಂದ ಹುದುಗು ನಿಲ್ಲುವುದಿಲ್ಲ, ಅತಿಯಾದರೆ ನಿಧಾನವಾಗುತ್ತದೆ. ಚಳಿಯಲ್ಲಿ ಬೇಕಾದದ್ದು ಶಾಖ.


ಹೊಲಿಗೆ ಯಂತ್ರ
ಬುಧವಾರ, ರಾತ್ರಿ 8.30

ಫಲಕ ಓದಿದೆ. ಐದು ಹಬ್ಬದಲ್ಲಿ ಸಂಕ್ರಾಂತಿ ಇದೆ! ನನ್ನ ಜೊತೆ ಇನ್ನೂ ಏಳೆಂಟು ಜನ ನಿಂತು ಓದಿದರು. ಫೋಟೊ ತೆಗೆದಿಟ್ಟುಕೊಂಡಿದ್ದೇವೆ. ಭಾನುವಾರದ ದುಡಿಮೆಯ ವಿಷಯ ಕೇಳಲು ನಾಲ್ಕು ಜನ ಸೇರಿ ಹೋಗುವುದೆಂದು ಮಾತಾಗಿದೆ, ಒಬ್ಬರೇ ಹೋದರೆ ಗುರುತಿಟ್ಟುಕೊಳ್ಳುತ್ತಾರೆ.


ನಿವೃತ್ತ ಗುಮಾಸ್ತ
ಬುಧವಾರ, ರಾತ್ರಿ 8.50

ಬರವಣಿಗೆಯಲ್ಲಿ ಕೊಡಿ, ಒಂದು ಪ್ರತಿಯ ಮೇಲೆ ತಲುಪಿದೆಯೆಂದು ಸಹಿ ಹಾಕಿಸಿಕೊಳ್ಳಿ. ಮನವಿಯ ಒಕ್ಕಣೆ ಬೇಕಾದರೆ ಇಲ್ಲೇ ಬರೆದುಕೊಡುತ್ತೇನೆ.


ಹೊಲಿಗೆ ಯಂತ್ರ
ಬುಧವಾರ, ರಾತ್ರಿ 8.52

ಬರೆದುಕೊಡಿ ಸಾರ್.


ಚಪ್ಪರದ ಅಡಿಕೆ
ಗುರುವಾರ, ರಾತ್ರಿ 9.05

ನಾಲ್ಕು ದಿನದ ವರದಿ ಒಪ್ಪಿಸುತ್ತೇನೆ.

ಮಂಗಳವಾರ ತಂಗಿ ಹೇಳಿದ ಹಾಗೆಯೇ ಮಾಡಿದೆ. ಹಳೆಯ ಮಿಂಚಂಚೆಗಳನ್ನೆಲ್ಲ ಬದಿಗಿಟ್ಟು ಒಂದೇ ಒಂದು ಕೆಲಸ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಅದು ಮುಗಿಯಿತು. ಮುಗಿದ ಮೇಲೆ ಎರಡನೆಯದಕ್ಕೆ ಕೈ ಹೋಯಿತು. ನಿನ್ನೆಯಿಂದ ಹೆಚ್ಚೂಕಡಿಮೆ ಮೊದಲಿನಂತೆ ಕೂತು ಕೆಲಸ ಮಾಡುತ್ತಿದ್ದೇನೆ.

ಆದರೆ ಮನೆಯ ಕಡೆ ಕಷ್ಟ ಬಂತು. ಎರಡನೆಯ ಸುತ್ತಿನ ಕೊಯ್ಲಿಗೆ ಕೊನೆಗೌಡ ಸಿಗಲಿಲ್ಲ. ಅವರು ಬೇರೆ ಊರಿನಲ್ಲಿ ಒಪ್ಪಿಕೊಂಡಿದ್ದಾರೆ. ಮಂಗಳವಾರ ಸಂಜೆ ಅಪ್ಪ ಫೋನಿನಲ್ಲಿ, ಆಗಲಿ ಬಿಡು, ಹಣ್ಣಾಗಿ ಬಿದ್ದರೆ ಸಿಪ್ಪೆಯ ಸಮೇತ ಒಣಗಿಸಿ ಚಾಲಿ ಮಾಡಿದರಾಯಿತು ಎಂದರು. ಹಸಿಯಲ್ಲೇ ಸುಲಿದು ಬೇಯಿಸಿ ರಾಶಿ ಮಾಡುವ ಅಡಿಕೆಯನ್ನು ಚಾಲಿಗೆ ಬಿಡುವುದೆಂದರೆ ಅಪ್ಪ ಎಷ್ಟು ಸೋತಿದ್ದಾರೆಂದು ನನಗೆ ಗೊತ್ತಾಯಿತು. ಆ ರಾತ್ರಿ ಬಸ್ಸಿನ ಟಿಕೆಟ್ ನೋಡಿದ್ದೂ ಹೌದು.

ನಿನ್ನೆ ಪಕ್ಕದೂರಿನ ಹುಡುಗನೊಬ್ಬ ದೋಟಿ ತಂದು ಕೊನೆ ಇಳಿಸಿಕೊಟ್ಟಿದ್ದಾನೆ. ಕಾರ್ಬನ್ ಫೈಬರಿನದು, ನೆಲದ ಮೇಲೆ ನಿಂತೇ ಕೊಯ್ಯುತ್ತಾನೆ. ಇಳಿಸಿದ್ದೇನೋ ಸರಿ, ಸುಲಿಯುವವರು ಯಾರು ಎಂದು ಆಯಿಗೆ (ಅಮ್ಮನಿಗೆ) ಫೋನ್ ಮಾಡಿದೆ. ಆಯಿ ನಕ್ಕಳು. ರಜೆಯಲ್ಲಿ ನಾನು ಮೂರು ಮನೆಗೆ ರಾತ್ರಿ ಸುಲಿಯಲು ಮುಯ್ಯಾಳಾಗಿ (ಕೂಲಿಯಿಲ್ಲದೆ, ಕೆಲಸಕ್ಕೆ ಪ್ರತಿ ಕೆಲಸದ ಲೆಕ್ಕದಲ್ಲಿ) ಹೋಗಿದ್ದೆ, ಅಪ್ಪನ ಬದಲು. ನಿನ್ನೆ ರಾತ್ರಿ ಆ ಮೂರು ಮನೆಯವರೂ ಬಂದಿದ್ದರಂತೆ. ನಮ್ಮ ಜಗಲಿಯಲ್ಲಿ ಒಂಬತ್ತು ಮೆಟ್ಟುಗತ್ತಿ. ನಿನ್ನ ಲೆಕ್ಕಕ್ಕೆ ಇನ್ನೂ ಎರಡು ರಾತ್ರಿ ಬಾಕಿ ಇದೆ ಎಂದಳು ಆಯಿ.

ಇವತ್ತು ಬೆಳಿಗ್ಗೆ ಅದೇ ಅಡಿಕೆ ಹಂಡೆಗೆ ಬಿದ್ದಿದೆ. ಅಪ್ಪ ಚಪ್ಪರದ ಫೋಟೊ ಕಳಿಸಿದ್ದಾರೆ.


ಜಗಲಿ
ಗುರುವಾರ, ರಾತ್ರಿ 9.15

ಓದಿ ಹೊಟ್ಟೆ ತಣ್ಣಗಾಯಿತು ಮಗಳೇ. ನಮ್ಮ ಕಡೆ ಸುಲಿಯುವ ಯಂತ್ರ ಬಂದ ಮೇಲೆ ಮುಯ್ಯಾಳು ನಿಂತೇಹೋಗಿದೆ. ನಿಮ್ಮೂರಿನಲ್ಲಿ ಉಳಿದಿದೆಯಲ್ಲ.


ಸಜ್ಜೆ ರೊಟ್ಟಿ
ಗುರುವಾರ, ರಾತ್ರಿ 9.22

ಹಾಗಾದರೆ ಆ ಟಿಕೆಟ್ ಮಾಡಿಸಲಿಲ್ಲವೇ?


ಚಪ್ಪರದ ಅಡಿಕೆ
ಗುರುವಾರ, ರಾತ್ರಿ 9.25

ಈ ವಾರಕ್ಕೆ ಇಲ್ಲ. ಫೆಬ್ರವರಿಯ ಎರಡನೆಯ ವಾರಕ್ಕೆ ತಾಳಗುಪ್ಪದ ರೈಲಿಗೆ ಮಾಡಿಸಿದ್ದೇನೆ. ಬರುವುದು ಶನಿವಾರ.


ನೆಲಮಂಗಲ ತಿರುವು
ಗುರುವಾರ, ರಾತ್ರಿ 9.26

ಶನಿವಾರ!


ರಾತ್ರಿ ಪಾಳಿ
ಗುರುವಾರ, ರಾತ್ರಿ 11.40

ಬೆರಳಿನ ಕಲೆಗೆ ನಿಂಬೆಹಣ್ಣಿನ ಸಿಪ್ಪೆ ಉಜ್ಜಿ ನೋಡಿ. ಚರ್ಮ ಸೀಳಿದ್ದರೆ ಬೇಡ, ಉರಿಯುತ್ತದೆ.


ಚಪ್ಪರದ ಅಡಿಕೆ
ಶುಕ್ರವಾರ, ಬೆಳಿಗ್ಗೆ 8.00

ಮೇಲಿನದು ಹೋಗುತ್ತಿದೆ, ಉಗುರಿನ ಸಂದಿಯದು ಹಾಗೇ ಇದೆ. ಉಜ್ಜುವುದಿಲ್ಲ, ಇರಲಿ.

ಹುಳಿ ಹಿಟ್ಟಿನವರೇ, ನಿಮ್ಮ ಹಿಟ್ಟು ಏನಾಯಿತು? ಯಾರೂ ಕೇಳಲೇ ಇಲ್ಲ.


ಹುಳಿ ಹಿಟ್ಟು
ಶುಕ್ರವಾರ, ಬೆಳಿಗ್ಗೆ 8.20

ಉಬ್ಬಿದೆ! ಮೆಂತ್ಯ ಹಾಕಿದೆ, ಶಾಲು ಸುತ್ತಿದೆ, ಉಪ್ಪನ್ನು ಮೊದಲೇ ಹಾಕಿದೆ. ಪಾತ್ರೆಯ ಅಂಚಿಗೆ ಬಂದು ನಿಂತಿದೆ. ಈಗ ತಟ್ಟೆಗೆ ಎಣ್ಣೆ ಸವರುತ್ತಿದ್ದೇನೆ.